ಕಾಫಿ ಕಣದಲ್ಲಿ ವೀಲ್ ಅಲೈನ್‌ಮೆಂಟ್: ಆಂಗಲ್ ಗೇಜ್ ಜೊತೆ ಎರಡು ವರ್ಷ

ಎರಡು ವರ್ಷದ ಹಿಂದೆ 1,100 ರೂಪಾಯಿಗೆ ಒಂದು ಡಿಜಿಟಲ್ ಆಂಗಲ್ ಗೇಜ್ ತರಿಸಿದೆ. ಅಂಗೈಯೊಳಗೆ ಹಿಡಿಸುವ ಚೌಕ ಡಬ್ಬಿ, ತಳದಲ್ಲಿ ಮ್ಯಾಗ್ನೆಟ್. ಮರಗೆಲಸದವರು ಗರಗಸದ ಬ್ಲೇಡ್ ಎಷ್ಟು ಓರೆ ಇದೆ ಅಂತ ನೋಡೋಕೆ ಬಳಸುವಂಥದ್ದು. ನಾನು ತರಿಸಿದ್ದು ನನ್ನ 2011ರ ಪಿಕಪ್ ಗಾಡಿ ಟಾಟಾ ಝೆನಾನ್‌ಗೆ.

ಗಾಡಿ ಎಡಕ್ಕೆ ಎಳೆಯುತ್ತಿತ್ತು. ಬಲಗಡೆ ಮುಂದಿನ ಟಯರ್ ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇತ್ತು, ಒಳಗಡೆ ಕೈ ಹಾಕಿ ಸವರಿದರೆ ನುಣ್ಣಗೆ, ಒಂದು ಕಡೆ ತಂತಿ ಚುಚ್ಚಿತು. ಒಂದೇ ವರ್ಷದಲ್ಲಿ ಮೂರು ಸಲ ಚಕ್ರದ ಕೋನ ಹೊಂದಿಸುವ ಅಲೈನ್‌ಮೆಂಟ್ ಮಾಡಿಸಿದ್ದೆ, ಸಲಕ್ಕೆ 600 ರೂಪಾಯಿ. ಪ್ರತಿ ಸಲವೂ ಟೋ (ಮೇಲಿನಿಂದ ನೋಡಿದರೆ ಚಕ್ರದ ಮುಂಭಾಗ ಎಷ್ಟು ಒಳಗೆ ಅಥವಾ ಹೊರಗೆ ತಿರುಗಿದೆ ಅನ್ನೋದು) ಮಾತ್ರ ಸರಿ ಮಾಡಿ ಕಳಿಸಿದರು. ಅವರೇ ಕೊಟ್ಟ ಕಾಗದದಲ್ಲಿ ಕ್ಯಾಂಬರ್ (ಎದುರಿನಿಂದ ನೋಡಿದರೆ ಚಕ್ರ ಎಷ್ಟು ವಾಲಿದೆ ಅನ್ನೋದು) ಸಾಲು ಕೆಂಪಾಗಿತ್ತು, ಅಂದರೆ ಮಿತಿ ಮೀರಿತ್ತು. ಕೇಳಿದರೆ "ರಸ್ತೆ ಎಡಕ್ಕೆ ವಾಟ ಇರುತ್ತಲ್ಲ ಸಾರ್, ಅದಕ್ಕೇ ಎಳೆಯೋದು" ಅಂದರು. ಗಾಡಿ ಎತ್ತರ ಎಷ್ಟಿದೆ ಅಂತ ಒಬ್ಬರೂ ಟೇಪ್ ಹಿಡಿದು ನೋಡಲಿಲ್ಲ. ಅದೇ ನನಗೆ ಇವತ್ತಿಗೂ ಬೇಜಾರು.

ಯಾಕಂದರೆ ಝೆನಾನ್ ಮುಂದಿನ ಸಸ್ಪೆನ್ಷನ್‌ನಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್. ಚಾಸಿ ಉದ್ದಕ್ಕೂ ಮಲಗಿರುವ ಕಬ್ಬಿಣದ ಸರಳು, ತಿರುಚಿಕೊಂಡೇ ಗಾಡಿಯ ಭಾರ ಹೊರುತ್ತದೆ. ವರ್ಷಗಟ್ಟಲೆ ಹೊತ್ತು ಹೊತ್ತು ಸೋಲುತ್ತದೆ. ಆ ಕಡೆ ಗಾಡಿ ಕೂರುತ್ತದೆ, ಕೂತಷ್ಟೂ ಚಕ್ರದ ತಲೆ ಒಳಗೆ ವಾಲುತ್ತದೆ. ಆಗ ಟಯರ್ ಒಳಅಂಚು ತಿನ್ನುತ್ತದೆ, ಗಾಡಿ ಎದುರು ಬದಿಗೆ ಎಳೆಯುತ್ತದೆ. ಎತ್ತರ ಸರಿ ಮಾಡದೆ ಟೋ ಮಾತ್ರ ತಿರುಗಿಸಿದರೆ ಏನು ಪ್ರಯೋಜನ?

ಈಗ ಗೇಜ್ ವಿಷಯ. ಮೊದಲ ದಿನವೇ ಸಿಟ್ಟು ಬಂತು. ನನ್ನದು ಅಲಾಯ್ ವೀಲ್, ಮ್ಯಾಗ್ನೆಟ್ ಕಚ್ಚುವುದೇ ಇಲ್ಲ. ಒಂದು ಕಬ್ಬಿಣದ ಪಟ್ಟಿಗೆ ಎರಡು ತುದಿಯಲ್ಲಿ ಒಂದೇ ಉದ್ದದ ಬೋಲ್ಟ್ ಹಾಕಿಸಿ, ಅದನ್ನು ರಿಮ್ಮಿನ ಮೇಲಂಚು ಕೆಳಅಂಚಿಗೆ ಒತ್ತಿ ಹಿಡಿದು, ಅದರ ಮೇಲೆ ಗೇಜ್ ಕೂರಿಸಬೇಕಾಯಿತು. ಅದಕ್ಕಿಂತ ದೊಡ್ಡ ಕಿರಿಕಿರಿ ಇನ್ನೊಂದು. ಮೂರು ನಿಮಿಷ ಸುಮ್ನೆ ಬಿಟ್ಟರೆ ತಾನೇ ಆಫ್ ಆಗುತ್ತದೆ, ನೆಲದ ಮೇಲಿಟ್ಟು ಹೊಂದಿಸಿದ ಸೊನ್ನೆ ಮಾಯ. ಗಾಡಿ ಕೆಳಗಿಂದ ಎದ್ದು ಬರುವಷ್ಟರಲ್ಲಿ ಎಲ್ಲ ಮೊದಲಿಂದ. ಎರಡು ಸಂಜೆ ಹಾಗೇ ಹಾಳಾಯಿತು, ವಾಪಸ್ ಕಳಿಸಿಬಿಡೋಣ ಅಂತಲೇ ಇದ್ದೆ.

ಆಮೇಲೆ ಸೊನ್ನೆ ಹೊಂದಿಸುವುದನ್ನೇ ಬಿಟ್ಟೆ. ಅಳೆಯುವುದು ನಮ್ಮ ಕಾಫಿ ಕಣದಲ್ಲಿ. ನೋಡೋಕೆ ಸಮ, ಆದರೆ ಮಳೆನೀರು ಹರಿಯಲಿ ಅಂತ ಸ್ವಲ್ಪ ಇಳಿಜಾರು ಕೊಟ್ಟೇ ಕಟ್ಟಿಸಿರುತ್ತಾರೆ. ಹಾಗಾಗಿ ಒಂದು ಸಲ ಅಳೆದು, ಗಾಡಿ ತಿರುಗಿಸಿ ಅದೇ ಜಾಗಕ್ಕೆ ತಂದು ಮತ್ತೆ ಅಳೆಯುತ್ತೇನೆ. ಬಲ ಚಕ್ರ ಒಮ್ಮೆ ಮೈನಸ್ (ತಲೆ ಒಳಗೆ ವಾಲಿದೆ ಅಂತ ಅರ್ಥ) 1.6 ಡಿಗ್ರಿ, ತಿರುಗಿಸಿದಾಗ ಮೈನಸ್ 1.0. ನಡುವಿನ 1.3 ನಿಜವಾದ ಲೆಕ್ಕ. ಎಡ ಚಕ್ರ ಮೈನಸ್ 0.5 ಅಷ್ಟೇ. ಟೇಪ್ ಹಿಡಿದರೆ ಬಲಗಡೆ ಮಡ್‌ಗಾರ್ಡ್ 18 ಮಿ.ಮೀ. ಕೆಳಗೆ. ಎಳೆತಕ್ಕೆ ಕಾರಣ ಕಣ್ಣೆದುರೇ ಇತ್ತು!

ಗಾಡಿ ಎತ್ತರ ಹೊಂದಿಸುವ ಟಾರ್ಷನ್ ಬಾರಿನ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಎಲ್ಲಿತ್ತು ಅಂತ ಪೇಂಟ್ ಗುರುತು ಹಾಕಿ, ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟು, ಚಕ್ರ ಜೋತು ಬಿದ್ದ ಮೇಲೆ ನಾಲ್ಕು ಸುತ್ತು ಬಿಗಿ ಮಾಡಿದೆ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ, ದಯವಿಟ್ಟು. ಇಳಿಸಿದ ತಕ್ಷಣ ಅಳೆಯಲೂ ಬೇಡಿ, ಹತ್ತು ಅಡಿ ಹಿಂದೆ ಮುಂದೆ ಉರುಳಿಸಿದರೆ ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರುತ್ತದೆ. ಬಲ ಚಕ್ರ ಮೈನಸ್ 0.7ಕ್ಕೆ ಬಂತು. ಟೋ ಕೊನೆಗೆ ನೋಡಿದೆ: ಎರಡು ಟಯರಿಗೂ ಚಾಕ್‌ಪೀಸಿನ ಗುರುತು, ಮುಂದೆ ಅಳೆದು, ಆ ಗುರುತು ಹಿಂದಕ್ಕೆ ಬರುವವರೆಗೆ ಗಾಡಿ ತಳ್ಳಿ ಮತ್ತೆ ಅಳೆದು, ಮುಂದೆ 2 ಮಿ.ಮೀ. ಕಮ್ಮಿ ಇರುವ ಹಾಗೆ ಸ್ಟೇರಿಂಗಿನಿಂದ ಚಕ್ರಕ್ಕೆ ಕೊಂಡಿಯಾಗಿರುವ ಟೈ ರಾಡ್ ತಿರುಗಿಸಿದೆ.

ಮಾರನೇ ದಿನ ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟಿದ ಮೇಲೆ ನೇರ ರಸ್ತೆಯಲ್ಲಿ ಸ್ಟೇರಿಂಗ್ ಮೇಲಿನ ಹಿಡಿತ ಸಡಿಲ ಬಿಟ್ಟೆ. ಗಾಡಿ ತನ್ನ ಪಾಡಿಗೆ ನೇರ ಹೋಯಿತು. ಎಷ್ಟು ಖುಷಿಯಾಯಿತು ಅಂದರೆ ಮನೆಗೆ ಫೋನ್ ಮಾಡಿ ಹೇಳಿದೆ.

ಈಗ ಮಳೆ ನಿಂತ ಮೇಲೆ ಒಂದು ಸಲ, ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಸಲ ಅಳೆದು, ಕ್ಯಾಬಿನ್ನಿನಲ್ಲಿಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಆಮೇಲೆ ಹಾಕಿದ ಟಯರ್ ಎರಡು ವರ್ಷವಾದರೂ ಒಳಗೆ ಹೊರಗೆ ಒಂದೇ ಸಮ ಸವೆದಿದೆ. ಕ್ಯಾಸ್ಟರ್ (ಪಕ್ಕದಿಂದ ನೋಡಿದರೆ, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದೆ ಮುಂದೆ ಎಷ್ಟು ವಾಲಿದೆ ಅನ್ನೋದು) ಮಾತ್ರ ಇದರಲ್ಲಿ ನನಗೆ ಸರಿಯಾಗಿ ಸಿಗುತ್ತಿಲ್ಲ, ಅದಕ್ಕೆ ಮೆಷಿನ್ನಿಗೇ ಹೋಗುತ್ತೇನೆ. ಬುಷ್, ಬಾಲ್ ಜಾಯಿಂಟ್ (ಸಸ್ಪೆನ್ಷನ್ನಿನ ಕೀಲುಗಳು) ಅಲ್ಲಾಡುವ ಗಾಡಿಯಾದರೆ ಮೊದಲು ಆ ದುಡ್ಡು ಅಲ್ಲಿಗೆ ಹಾಕಿ. ಗಟ್ಟಿಯಾಗಿದ್ದರೆ ಈ ಗೇಜ್ ತಗೊಳ್ಳಿ, ಆದರೆ ಸೊನ್ನೆ ನೆನಪಿಟ್ಟುಕೊಳ್ಳುವ ಮಾಡೆಲ್ ಸಿಕ್ಕರೆ 300 ರೂಪಾಯಿ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ.