ತರಗೆಲೆ ಹೀರುವ ಪೆಟ್ರೋಲ್ ಯಂತ್ರ ಕೊಳ್ಳುವವರೇ, ಚೀಲದ ಹಿಂದಿನ ಸ್ವಿಚ್ಚನ್ನು ಮೊದಲು ನೋಡಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೃಷಿಕರಲ್ಲಿ ಯಾರಾದರೂ ಅಂಗಳದ ತರಗೆಲೆ ಹೀರುವ, ದೂಡಿಕೊಂಡು ಹೋಗುವ ಪೆಟ್ರೋಲ್ ಯಂತ್ರವನ್ನು ಕೊಳ್ಳುವ ಯೋಚನೆಯಲ್ಲಿದ್ದರೆ, ದಯವಿಟ್ಟು ಇದನ್ನು ಓದಿದ ಮೇಲೆಯೇ ಹಣ ಕೊಡಿ. ಅದರಲ್ಲಿಯೂ 'ಡೆಮೊ ಪೀಸ್' ಎಂದು ಹೇಳಿ ಯಾರಾದರೂ ಹಸಿರು ಬಣ್ಣ ಬಳಿದ ಯಂತ್ರವನ್ನು ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಅಂಗಡಿಯ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ, ದೂರು ಕೊಡುವವನಿದ್ದೇನೆ. ಆದರೆ ನಡೆದದ್ದನ್ನು ಬರೆಯದೆ ಇರಲಾರೆ.

ಮಳೆ ಬಿಟ್ಟ ಮೇಲೆ ಅಡಿಕೆ ಹರವುವ ಮೊದಲು ಅಂಗಳ ಚೊಕ್ಕ ಆಗಬೇಕು, ಗುಡಿಸುವುದಕ್ಕೆ ಈಗ ಜನ ಸಿಗುವುದಿಲ್ಲ. ಇದು ಎಲ್ಲರ ಮನೆಯ ಕಥೆ, ವಿವರಿಸಬೇಕಾಗಿಲ್ಲ. ಪೇಟೆಯ ಅಂಗಡಿಯಲ್ಲಿ ಆ ಯಂತ್ರಕ್ಕೆ 38,000 ರೂಪಾಯಿ ಹೇಳಿದರು. 'ಹೊಸದೇ ಮಾಷ್ಟ್ರೇ, ಜನರಿಗೆ ತೋರಿಸಲಿಕ್ಕೆ ಅಂತ ಹೊರಗೆ ಇಟ್ಟದ್ದು ಮಾತ್ರ, ಅದಕ್ಕೇ ಈ ರೇಟು' ಎಂದರು. ಅಂಗಡಿಯ ಮುಂದಿನ ಸಿಮೆಂಟು ನೆಲದ ಮೇಲೆ ಒಣಗಿದ ಮಾವಿನ ಎಲೆಯನ್ನು ಹರಡಿ ಓಡಿಸಿಯೂ ತೋರಿಸಿದರು. ಒಂದು ಎಲೆ ಉಳಿಯಲಿಲ್ಲ. ಆ ಅಂಗಡಿಯ ಆಸುಪಾಸಿನಲ್ಲಿ ಒಂದು ಮಾವಿನ ಮರವೂ ಇಲ್ಲ. ಎಲೆಯನ್ನು ಗೋಣಿಚೀಲದಲ್ಲಿ ತುಂಬಿಸಿ ಇದಕ್ಕೆಂದೇ ಇಟ್ಟುಕೊಂಡಿರುತ್ತಾರೆ ಎಂಬುದು ಆಮೇಲೆ ತಿಳಿಯಿತು. ಬಿಲ್ಲು ಕೇಳಿದಾಗ 'ನಾಳೆ ವಾಟ್ಸಾಪಿನಲ್ಲಿ ಕಳಿಸ್ತೇನೆ' ಎಂಬ ಉತ್ತರ, ಬಳಕೆಯ ಪುಸ್ತಕ ಕೇಳಿದಾಗ 'ಅದೆಲ್ಲ ಯೂಟ್ಯೂಬಿನಲ್ಲಿ ಉಂಟು' ಎಂಬ ಉತ್ತರ. ಬಿಲ್ಲು ಇವತ್ತಿನವರೆಗೆ ಬಂದಿಲ್ಲ.

ಯಂತ್ರದ ಒಳಗೆ ಏನಾಗುತ್ತದೆ ಎಂಬುದನ್ನು ಅವರು ಹೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ನೆಲದ ಹತ್ತಿರದ ಅಗಲ ಬಾಯಿಯಿಂದ ಒಳಗೆ ಹೋದ ಎಲೆ, ಕಬ್ಬಿಣದ ಗೂಡಿನೊಳಗೆ ತಿರುಗುವ ಫ್ಯಾನಿನ ಮೂಲಕವೇ ಹಾದು, ಅದರ ರೆಕ್ಕೆಗೆ ಸಿಕ್ಕಿ ಚೂರಾಗಿ, ಹಿಂದಿನ ಚೀಲಕ್ಕೆ ಎಸೆಯಲ್ಪಡುತ್ತದೆ. ಮನೆಯೊಳಗೆ ಬಳಸುವ ವ್ಯಾಕ್ಯೂಮ್ ಕ್ಲೀನರಿನಲ್ಲಿ ಕಸ ಮೊದಲು ಚೀಲ ಸೇರಿ ಗಾಳಿ ಮಾತ್ರ ಫ್ಯಾನಿಗೆ ಹೋಗುತ್ತದೆ; ಇಲ್ಲಿ ಹಾಗಲ್ಲ, ಕಸ ಮೊದಲು ಫ್ಯಾನನ್ನು ಮುಟ್ಟುತ್ತದೆ. ಆದ್ದರಿಂದ ಎಲೆಯ ಜೊತೆಗೆ ಕಲ್ಲು ಹೋದರೆ ಅದೂ ಫ್ಯಾನಿನ ಪೆಟ್ಟು ತಿಂದು ಅದೇ ವೇಗದಲ್ಲಿ ಹಿಂದಕ್ಕೆ, ಎಂದರೆ ಯಂತ್ರ ದೂಡುವವನ ಕಡೆಗೆ, ಬರುತ್ತದೆ. ನಡುವೆ ಇರುವುದು ಆ ಬಟ್ಟೆಯ ಚೀಲ ಒಂದೇ. ನಮ್ಮ ಅಂಗಳದಲ್ಲಿ ಎಲೆಯ ಅಡಿಯಲ್ಲಿ ಏನಿರುತ್ತದೆ? ಮುರಕಲ್ಲಿನ ಚೂರು. ಹುಲ್ಲುಹಾಸಿಗೆಂದು ಮಾಡಿದ ಯಂತ್ರವನ್ನು ಮುರಕಲ್ಲಿನ ಊರಿನಲ್ಲಿ ಮಾರುವವನು ಇಷ್ಟನ್ನಾದರೂ ಹೇಳಬೇಡವೇ?

ತೋಟದ ಕೆಲಸಕ್ಕೆ ಬರುವ ಹುಡುಗ ಚೀಲ ತುಂಬಿತೆಂದು ಎಂಜಿನನ್ನು ನಿಧಾನಕ್ಕೆ ಇಟ್ಟು ಚೀಲ ಕಳಚಿದ. ಅಂಗಡಿಯವರು ತೋರಿಸಿದ್ದೂ ಹಾಗೆಯೇ, ಎಂಜಿನ್ ಓಡುತ್ತಿರುವಾಗಲೇ ಕಳಚಿ ತೋರಿಸಿದ್ದರು. ಕಳಚಿದ ಮರುಕ್ಷಣ ಒಳಗೆ ಉಳಿದಿದ್ದ ಕಲ್ಲಿನ ತುಂಡೊಂದು ಹಾರಿ ಬಂದು ಅವನ ಮೊಣಕಾಲಿನ ಕೆಳಗೆ ಬಡಿಯಿತು. ದಪ್ಪ ಪ್ಯಾಂಟು ಇದ್ದದ್ದರಿಂದ ಚರ್ಮ ಒಡೆಯಲಿಲ್ಲ, ಆದರೆ ಅಲ್ಲಿ ಕಟ್ಟಿದ ನೀಲಿ ಬಾವು ಇನ್ನೂ ಇಳಿದಿಲ್ಲ. ಬಗ್ಗಿ ಕಳಚಿದ್ದಿದ್ದರೆ ಕಣ್ಣು ಅದೇ ಎತ್ತರದಲ್ಲಿ ಇರುತ್ತಿತ್ತು. ಅವನ ತಾಯಿಗೆ ನಾನು ಏನು ಹೇಳಬೇಕಿತ್ತು, ನೀವೇ ಹೇಳಿ.

ಯಂತ್ರವನ್ನು ಪರಿಚಯದ ಬೈಕ್ ಮೆಕ್ಯಾನಿಕ್‌ನ ಬಳಿಗೆ ಜೀಪಿನಲ್ಲಿ ಹಾಕಿ ತೆಗೆದುಕೊಂಡು ಹೋದೆ. ಅವನು ಚೀಲ ಕೂರುವ ಚೌಕಟ್ಟನ್ನು ಬೆರಳಿನಿಂದ ತಡವಿ, 'ಇಲ್ಲಿ ಒಂದು ಸ್ವಿಚ್ ಉಂಟು, ನೋಡಿ' ಎಂದ. ಚೀಲ ಕಳಚಿದರೆ ಎಂಜಿನ್ ತಾನಾಗಿ ನಿಲ್ಲಬೇಕೆಂದೇ ಕಂಪೆನಿಯವರು ಇಟ್ಟ ಸ್ವಿಚ್ ಅದು. ಅದಕ್ಕೆ ಹೋಗುವ ವಯರನ್ನು ಕತ್ತರಿಸಿ, ತುದಿಗೆ ಟೇಪ್ ಸುತ್ತಿದ್ದರು. ಆ ಟೇಪಿನ ಮೇಲೂ ಹಸಿರು ಬಣ್ಣ ಇತ್ತು. ಉಗುರಿನಿಂದ ಕೆರೆದರೆ ಹಸಿರು ಪುಡಿಯಾಗಿ ಉದುರಿ ಅಡಿಯಲ್ಲಿ ಕಪ್ಪು ಟೇಪು, ಅದರ ಪಕ್ಕದ ತಗಡಿನಲ್ಲಿ ಹಳೆಯ ಕೆಂಪು ಬಣ್ಣ, ತುಕ್ಕು. ಎಂದರೆ ವಯರ್ ಕತ್ತರಿಸಿದ ಮೇಲೆ ಬಣ್ಣ ಬಳಿದದ್ದು, ಬಣ್ಣ ಬಳಿದ ಮೇಲೆ ನನಗೆ ಮಾರಿದ್ದು. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನಿಗೆ ಬಣ್ಣ ಬಳಿದ ಗುಜರಿಯನ್ನು ಹೊಸತೆಂದು ಕೊಟ್ಟು ಕಳುಹಿಸಿದ್ದಾರೆ. ಅಲ್ಲಿ ನಿಂತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಗು ತಡೆದುಕೊಂಡು ಆಚೆ ತಿರುಗಿದ. ಆಗ ಆದ ನಾಚಿಕೆ 38,000ಕ್ಕಿಂತ ದೊಡ್ಡದು.

ಇನ್ನು ಅಂಗಡಿಯವರ ಉತ್ತರಗಳನ್ನು ಕೇಳಿ. ಮೊದಲು ಫೋನಿನಲ್ಲಿ: 'ಇಲಿ ಕಡಿದಿರಬಹುದು ಮಾಷ್ಟ್ರೇ.' ಇಲಿ ಟೇಪ್ ಸುತ್ತುತ್ತದೆಯೇ ಎಂದು ಕೇಳಿದೆ. ಫೋನ್ ಕಟ್ಟಾಯಿತು. ಫೋಟೊ ಕಳುಹಿಸಿದ ಮೇಲೆ ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಬಂತು, ಅದರ ಹಿಂದೆಯೇ ಈ ಮಾತು: 'ಆ ಸ್ವಿಚ್ ಇದ್ದರೆ ಪದೇಪದೇ ಆಫ್ ಆಗ್ತದೆ, ಗಿರಾಕಿಗಳಿಗೆ ಉಪದ್ರ, ಅದಕ್ಕೆ ನಾವೇ ತೆಗೆದು ಕೊಡುವುದು. ಅದಕ್ಕೆ ಚಾರ್ಜ್ ತೆಗೊಳ್ಳುವುದಿಲ್ಲ.' ಕಾಲು ಮುರಿಯಬಹುದಾಗಿದ್ದ ಕೆಲಸವನ್ನು ನನಗೆ ಉಚಿತ ಸೇವೆಯಾಗಿ ಮಾಡಿಕೊಟ್ಟಿದ್ದಾರಂತೆ! ಹಾಗಾದರೆ ಕಲ್ಲು ಬಡಿದದ್ದಕ್ಕೆ ಏನು ಹೇಳುತ್ತೀರಿ ಎಂದರೆ, 'ಅಂಗಳದ ಕಲ್ಲು ಹೆಕ್ಕಿ ಮತ್ತೆ ಮೆಷಿನ್ ಓಡಿಸಬೇಕು, ಅದು ನಿಮ್ಮ ಅಂಗಳದ ತೊಂದರೆ, ಮೆಷಿನಿನದ್ದಲ್ಲ.' ಹಣ ಪಡೆಯುವ ದಿನ 'ಕಲ್ಲುಮಣ್ಣು ಏನಿದ್ದರೂ ಎಳೀತದೆ' ಎಂದವರೂ ಇವರೇ.

ಆಯಿಲಿನ ವಿಷಯದಲ್ಲಿಯೂ ಹೀಗೆಯೇ ಆಯಿತು. 'ಕಾಡು ಕೊಚ್ಚುವ ಮೆಷಿನಿಗೆ ಹಾಕಿದ ಹಾಗೆ ಪೆಟ್ರೋಲಿಗೆ ಸ್ವಲ್ಪ ಆಯಿಲ್ ಬೆರೆಸಿ, ಅಷ್ಟು ಸಾಕು' ಎಂದಿದ್ದರು. ಕಾಡು ಕೊಚ್ಚುವ ಯಂತ್ರಗಳಲ್ಲಿ ಹಲವು ಟೂ ಸ್ಟ್ರೋಕ್, ಅವಕ್ಕೆ ಬೆರೆಸಬೇಕು. ಇದು ಫೋರ್ ಸ್ಟ್ರೋಕ್ ಎಂಜಿನ್. ಇದಕ್ಕೆ ಬರೀ ಪೆಟ್ರೋಲು, ಆಯಿಲಿಗೆ ಪ್ರತ್ಯೇಕ ಜಾಗ, ಅಳೆಯಲು ಪ್ರತ್ಯೇಕ ಕಡ್ಡಿ. ಮೆಕ್ಯಾನಿಕ್ ಆ ಕಡ್ಡಿಯನ್ನು ಎಳೆದಾಗ ತುದಿಯಲ್ಲಿ ಒಂದು ಹನಿ ಕಪ್ಪು ಅಂಟು ಬಿಟ್ಟರೆ ಏನೂ ಇರಲಿಲ್ಲ. ಇನ್ನು ಸ್ವಲ್ಪ ಓಡಿಸಿದ್ದರೆ ಎಂಜಿನ್ ಜಾಮಾಗಿ ಅದೂ ನನ್ನ ತಲೆಗೇ ಬರುತ್ತಿತ್ತು.

ಯಾರೂ ಹೇಳದೆ ಉಳಿದ ಬೇರೆ ಮಾತುಗಳನ್ನು ಮೆಕ್ಯಾನಿಕ್‌ನಿಂದಲೂ, ಇಂತಹ ಯಂತ್ರಗಳ ಕಂಪೆನಿ ಪುಸ್ತಕಗಳನ್ನು ಹುಡುಕಿ ಓದಿಯೂ ತಿಳಿದುಕೊಂಡೆ. ಎಂಜಿನ್ ಆಫ್ ಮಾಡಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಶಬ್ದ ನಿಂತಿತೆಂದು ಕೈ ಹಾಕಬಾರದು. ಒದ್ದೆ ಎಲೆಯೋ ಅಡಿಕೆ ಹಾಳೆಯ ನಾರೋ ಸಿಕ್ಕಿಕೊಂಡರೆ ಫ್ಯಾನು ಪೂರ್ತಿ ನಿಲ್ಲುವವರೆಗೆ ಕಾದು, ಸ್ಪಾರ್ಕ್ ಪ್ಲಗ್ಗಿನ ವಯರನ್ನು ಕಳಚಿ ದೂರ ಸರಿಸಿ, ಆಮೇಲೆ ಕೋಲಿನಿಂದ ತೆಗೆಯಬೇಕು. ಪ್ಲಗ್ ವಯರ್ ಇದ್ದಲ್ಲೇ ಇದ್ದರೆ, ಕೈಯಿಂದ ಫ್ಯಾನನ್ನು ತಿರುಗಿಸುವಾಗ ಎಂಜಿನ್ ಒಂದು ಸುತ್ತು ಹೊಡೆದೀತು. ಕಾದ ಎಂಜಿನಿಗೆ ಪೆಟ್ರೋಲು ಹೊಯ್ಯಬಾರದು. ಒಣ ಎಲೆ ತುಂಬಿದ ಚೀಲವನ್ನು ಬಿಸಿ ಸೈಲೆನ್ಸರಿನ ಬಳಿ ಬಿಟ್ಟು ಊಟಕ್ಕೆ ಹೋಗಬಾರದು. ಬಚ್ಚಲೊಲೆಯ ಬೂದಿ ಚೆಲ್ಲಿದ ಜಾಗದಲ್ಲಿ ಓಡಿಸಲೇಬಾರದು, ಒಂದು ಕೆಂಡ ಒಳಗೆ ಹೋದರೆ ಒಣ ಎಲೆಯ ಚೀಲ ಹೊತ್ತಿಕೊಳ್ಳುತ್ತದೆ. 'ಮಳೆಗಾಲದಲ್ಲಿ ಶೆಡ್ಡಿನೊಳಗೆ ಆಗಾಗ ಸ್ಟಾರ್ಟ್ ಮಾಡಿ ಇಡಿ' ಎಂದೂ ಅವರು ಸಲಹೆ ಕೊಟ್ಟಿದ್ದರು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಪೆಟ್ರೋಲ್ ಎಂಜಿನ್ ಓಡಿದರೆ ತುಂಬುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗೊತ್ತಾಗುವ ಮೊದಲೇ ಪ್ರಾಣ ಹೋಗುತ್ತದೆ. ಮಳೆಗಾಲಕ್ಕೆ ಮಾಡಬೇಕಾದದ್ದು ಟ್ಯಾಂಕ್ ಖಾಲಿ ಮಾಡುವುದು, ಏಕೆಂದರೆ ಈಗಿನ ಪೆಟ್ರೋಲಿನಲ್ಲಿ ಬೆರೆಸಿರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕನ್ನಡಕ, ಕಿವಿಗೆ ಮುಚ್ಚಳ, ದಪ್ಪ ಪ್ಯಾಂಟು, ಶೂ, ಧೂಳಿಗೆ ಮಾಸ್ಕು, ಇವು ಬೇಕೇ ಬೇಕು. ಮುಂಡು ಎತ್ತಿ ಕಟ್ಟಿ ಬರಿಗಾಲಿನಲ್ಲಿ ಮಾಡುವ ಕೆಲಸ ಇದಲ್ಲ.

ಬಿಲ್ಲಿನ ವಿಷಯವನ್ನು ಮತ್ತೆ ಹೇಳುತ್ತೇನೆ, ಏಕೆಂದರೆ ನಾನೀಗ ತೊಳಲುತ್ತಿರುವುದು ಅಲ್ಲಿಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದೆ ತೆಗೆದುಕೊಳ್ಳಲು ಒಪ್ಪದಿರುವುದೂ ಅದೇ ಸಾಲಿಗೆ ಸೇರುತ್ತದೆ. ಕಾಸರಗೋಡಿನಲ್ಲಿಯೇ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ದೂರು ಕೊಡಲು ಎರಡು ವರ್ಷಗಳ ಅವಕಾಶ ಇದೆ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1915. ಹಣವನ್ನು ನಾನು ಬ್ಯಾಂಕಿನ ಮೂಲಕ ಕೊಟ್ಟದ್ದರಿಂದ ಕೊಟ್ಟದ್ದಕ್ಕೆ ದಾಖಲೆ ಇದೆ. ನೀವು ಕೊಳ್ಳುವುದಾದರೆ ಎಂಜಿನಿನ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿ, ಪುಸ್ತಕ ಕೇಳಿ, ಎಂಜಿನ್ ಓಡುತ್ತಿರುವಾಗ ಚೀಲವನ್ನು ಅಂಗಡಿಯವರಿಂದಲೇ ಕಳಚಿಸಿ, ನೀವು ದೂರ ನಿಂತು ನೋಡಿ. ಅಂತಹ ಸ್ವಿಚ್ ಇರುವ ಮಾದರಿಯಾದರೆ ಎಂಜಿನ್ ನಿಲ್ಲಲೇಬೇಕು. ನಿಲ್ಲದಿದ್ದರೆ ನಮಸ್ಕಾರ ಹೇಳಿ ಹೊರಡಿ.

ನಿನ್ನೆ ಅವರ ಕೊನೆಯ ಉತ್ತರ ಬಂದಿದೆ: 'ಸಿಟ್ಟು ಮಾಡಬೇಡಿ ಮಾಷ್ಟ್ರೇ, ಮೆಷಿನ್ ಅಂಗಡಿಯಲ್ಲಿ ಇಟ್ಟು ಹೋಗಿ, ಬೇರೆ ಯಾರಾದರೂ ಗಿರಾಕಿ ಬಂದರೆ ಮಾರಿ ನಿಮ್ಮ ದುಡ್ಡು ಕೊಡ್ತೇನೆ.' ಸ್ವಿಚ್ಚನ್ನು ಸರಿ ಮಾಡಿಸಿ ಮಾರುತ್ತೀರಾ ಎಂದು ಕೇಳಿದ್ದೇನೆ. ಮೆಸೇಜು ಓದಿದ ನೀಲಿ ಗುರುತು ಬಿದ್ದಿದೆ, ಉತ್ತರ ಇಲ್ಲ. ಯಂತ್ರವನ್ನು ನಾನು ಕೊಡಲಿಲ್ಲ, ಕೊಡುವುದೂ ಇಲ್ಲ. ಆದರೆ ಅವರ ಅಂಗಡಿಯಲ್ಲಿ ಇದರ ಪಕ್ಕದಲ್ಲಿ ಇನ್ನೊಂದು ಹಸಿರು ಯಂತ್ರ ನಿಂತಿತ್ತು.