ಬೇಲೂರೋ ಹಳೇಬೀಡೋ: ಮಕ್ಕಳೊಡನೆ ಹೊರಟವರಿಗೆ

ಎರಡರ ನಡುವೆ ಇರುವುದು ಸುಮಾರು 16 ಕಿಲೋಮೀಟರ್. ಆದರೂ ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಒಂದೇ ದಿನ ಎರಡನ್ನೂ ಮುಗಿಸುವ ಹಟ ಬೇಡ. ನನ್ನ ಮತ ಹಳೇಬೀಡಿಗೆ. ಅಲ್ಲಿ ದೇವಾಲಯದ ಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಬಹುಪಾಲು ಮಗುವಿನ ಕಣ್ಣಿನ ಎತ್ತರಕ್ಕೇ. ಆನೆಯ ಸೊಂಡಿಲು, ನವಿಲಿನ ಬಾಲ ಹೊತ್ತ ಮಕರವನ್ನು ಹುಡುಕಲು ಹೇಳಿದರೆ ಅರ್ಧ ಗಂಟೆ ನಿಮಗೂ ಬಿಡುವು. ಮುಟ್ಟಬಾರದೆಂದು ಮಾತ್ರ ಮೊದಲೇ ತಿಳಿಸಿ. ಓಡಾಡಲು ಹುಲ್ಲುಹಾಸಿದೆ, ಪಕ್ಕದಲ್ಲೇ ವಸ್ತುಸಂಗ್ರಹಾಲಯ.

1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ. ಜೊತೆಯಲ್ಲಿ ಅಜ್ಜಿ ಇದ್ದರೆ ಮಂಗಳಾರತಿ, ತೀರ್ಥ ಸಿಗುವ ಈ ಊರೇ ಸರಿ. ಮದನಿಕೆಯರೆಂಬ ಸುಂದರಿಯರ ಶಿಲ್ಪಗಳು ಸೂರಿನಡಿಯಲ್ಲಿರುವುದರಿಂದ ಚಿಕ್ಕವರ ಕತ್ತು ಬೇಗ ಸೋಲುತ್ತದೆ; ದೊಡ್ಡ ಮಕ್ಕಳ ಕೈಗೆ ಬೈನಾಕ್ಯುಲರ್ ಕೊಡಿ. ಮಧ್ಯಾಹ್ನ ಅಂಗಳದ ಕಲ್ಲು ಕಾದ ಹೆಂಚು. ಕಾಲುಚೀಲ ಮರೆಯಬೇಡಿ.