ಬಂದರಿನ ಸಂಪರ್ಕ ರಸ್ತೆ: 9 ವರ್ಷ ಟ್ರೇಲರ್ ಓಡಿಸಿದ ಅನುಭವ

ನಮ್ಮ 11 ಟ್ರೇಲರ್‌ಗಳು 9 ವರ್ಷಗಳಿಂದ ಇದೇ ರಸ್ತೆಯಲ್ಲಿ ಬಂದರಿಗೆ ಹೋಗಿ ಬರುತ್ತಿವೆ. ಹೆದ್ದಾರಿಯಿಂದ ಹೊರಟು, ಊರೊಳಗೆ ಕಾಲಿಡದೆ ಬಂದರಿನ ಕಡೆಗೆ ಸಾಗುವ ನಾಲ್ಕು ಪಥದ ರಸ್ತೆ ಇದು. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಉಳಿದ ಒಂದನ್ನು ಏಕೆ ಹಿಡಿದಿಟ್ಟೆ ಎಂಬುದನ್ನೂ ಹೇಳುತ್ತೇನೆ.

ಹಳೆಯ ದಾರಿ ಪೇಟೆಯ ನಡುವೆ ನುಸುಳಿ, ರೈಲ್ವೆ ಗೇಟು ದಾಟಿ ಹೋಗುತ್ತಿತ್ತು. ಒಂದು ದಿನ ಒಂದು ಗಂಟೆ ಹಿಡಿದರೆ ಇನ್ನೊಂದು ದಿನ ನಾಲ್ಕು ಗಂಟೆ. ಇವತ್ತು ಎಷ್ಟು ಎಂದು ಬೆಳಿಗ್ಗೆ ಯಾರಿಗೂ ಹೇಳಲು ಬರುತ್ತಿರಲಿಲ್ಲ, ನಮ್ಮನ್ನು ಹಿಂಡಿದ್ದು ಅದೇ. ಹಡಗಿಗೆ ಕಂಟೇನರ್ ಒಪ್ಪಿಸಲು ಕಟ್-ಆಫ್ ಸಮಯ ಇರುತ್ತದೆ. ಅದು ತಪ್ಪಿದರೆ ಸರಕು ಮುಂದಿನ ಹಡಗಿಗಾಗಿ ಕಾದು ಕೂರಬೇಕು. ಆ ಭಯಕ್ಕೆ ಎಲ್ಲರೂ ಹಿಂದಿನ ದಿನವೇ ಲೋಡು ಹೊರಡಿಸುತ್ತಿದ್ದರು, ಚಾಲಕರು ರಾತ್ರಿಯೆಲ್ಲ ಗೇಟಿನ ಹೊರಗೆ ಗಾಡಿಯಲ್ಲೇ ಮಲಗುತ್ತಿದ್ದರು. ಈಗ 50 ನಿಮಿಷ ಎಂದರೆ ಬಹುಮಟ್ಟಿಗೆ 50 ನಿಮಿಷವೇ. ಅದೇ ಗಾಡಿ, ಅದೇ ಚಾಲಕ, ದಿನಕ್ಕೆ ಎರಡು ಟ್ರಿಪ್ ಮುಗಿಸಿ ರಾತ್ರಿ ಮನೆಗೆ ಹೋಗುತ್ತಾನೆ.

ಇದರ ದೊಡ್ಡ ಲಾಭ ದೊಡ್ಡವರಿಗೆ ಸಿಕ್ಕಿತು ಎಂದು ಹಲವರು ಭಾವಿಸಿದ್ದಾರೆ. ನಾನು ಕಂಡದ್ದು ಬೇರೆ. ದೊಡ್ಡ ಕಂಪನಿಗಳಿಗೆ ಬಂದರಿನ ಪಕ್ಕದಲ್ಲೇ ಗೋದಾಮು ಇತ್ತು, ರಸ್ತೆ ಕೆಟ್ಟರೂ ಅವರ ಸರಕು ಹಡಗಿನ ಹತ್ತಿರವೇ ಇರುತ್ತಿತ್ತು. ಒಳನಾಡಿನ ಸಣ್ಣ ಕಾರ್ಖಾನೆಗೆ ಆ ಅನುಕೂಲ ಎಲ್ಲಿಯದು? ಪಂಪಿನ ಬಿಡಿಭಾಗ ತಯಾರಿಸುವ ನಮ್ಮ ಗಿರಾಕಿಯೊಬ್ಬರು ಮೊದಲು ತಮ್ಮ ಮಾಲನ್ನು ಮಧ್ಯವರ್ತಿಗೆ ಮಾರುತ್ತಿದ್ದರು. ಇಂಥ ದಿನ ತಲುಪಿಸುತ್ತೇನೆ ಎಂದು ಹೊರದೇಶದ ಖರೀದಿದಾರನಿಗೆ ಮಾತು ಕೊಡುವ ಧೈರ್ಯ ಬಂದ ಮೇಲೆ ತಾವೇ ರಫ್ತು ಮಾಡುತ್ತಿದ್ದಾರೆ. ಕೆಲಸಕ್ಕೆ ಇನ್ನಷ್ಟು ಜನರನ್ನೂ ತೆಗೆದುಕೊಂಡರು. ಅವರ ಅಂಗಳದಿಂದ ಮೊದಲ ಕಂಟೇನರ್ ಹೊರಟ ದಿನ ನಾನೂ ಅಲ್ಲಿದ್ದೆ, ಆ ಸಂತೋಷ ಮರೆಯುವಂಥದ್ದಲ್ಲ.

ಇನ್ನು ದೂರುಗಳು. ಬಂದರಿಗೆ ಹೋಗುವ ಪಥದಲ್ಲಿ ಚಕ್ರದ ಜಾಡು ಆಳವಾಗಿ ಕುಸಿದಿದೆ, ಮರಳುವ ಪಥ ಹೊಸದರಂತೆ ಇದೆ. ಕಾರಣ ಸರಳ: ಇಲ್ಲಿಂದ ತುಂಬಿದ ಕಂಟೇನರ್ ಹೋಗುತ್ತದೆ, ಹೆಚ್ಚಾಗಿ ಖಾಲಿಯದು ವಾಪಸು ಬರುತ್ತದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಹೊರಟ ಲೆಕ್ಕದ ಪ್ರಕಾರ ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ. ಇಷ್ಟು ಹಳೆಯ ತಿಳಿವಳಿಕೆ ಕೈಯಲ್ಲಿದ್ದೂ ಎರಡೂ ಕಡೆಗೆ ಒಂದೇ ದಪ್ಪದ ಪದರ ಹಾಕಿದ್ದು ನನಗೆ ಇಂದಿಗೂ ಬೇಸರ.

ಟೋಲ್ ಕೂಡ ಲಾರಿಗಳ ಮೇಲೆಯೇ ಹೆಚ್ಚು. ಹಾಗಾಗಿ ರಾತ್ರಿ ಹೊತ್ತು ಕೆಲವರು ಮತ್ತೆ ಹಳೆಯ ಪೇಟೆ ದಾರಿ ಹಿಡಿಯುತ್ತಾರೆ. ಯಾರನ್ನು ಊರಿನಿಂದ ಹೊರಗಿಡಲು ರಸ್ತೆ ಕಟ್ಟಿದರೋ ಅವರನ್ನೇ ಟೋಲ್ ಒಳಗೆ ತಳ್ಳುತ್ತಿದೆ. ಡಬ್ಲಿನ್ ನಗರದಲ್ಲಿ 2006ರಲ್ಲಿ ಬಂದರಿನ ಸುರಂಗ ತೆರೆದಾಗ ಭಾರೀ ಲಾರಿಗಳಿಗೆ ಟೋಲ್ ಇಡಲಿಲ್ಲ, ಕಾರುಗಳಿಗೆ ಇಟ್ಟರು. ಮರುವರ್ಷ ಐದು ಮತ್ತು ಅದಕ್ಕಿಂತ ಹೆಚ್ಚು ಆಕ್ಸಲ್‌ಗಳ ಲಾರಿಗಳು ಹಗಲು ಹೊತ್ತು ನಗರದ ನಡುಭಾಗಕ್ಕೆ ಬರುವುದನ್ನು ನಿರ್ಬಂಧಿಸಿದರು. ಇಲ್ಲಿಯೂ ಹಾಗೆ ಮಾಡಬೇಕೆಂದು ನನ್ನ ಆಗ್ರಹ.

ಗೇಟಿಗೆ ಮುಂಚಿನ ಕೊನೆಯ ಒಂದೂವರೆ ಕಿಲೋಮೀಟರು ಮಾತ್ರ ಇನ್ನೂ ಎರಡು ಪಥ. ತೂಕದ ಸಾಲು ಅಲ್ಲೇ, ಲಾರಿ ನಿಲ್ಲಿಸಲು ಜಾಗವಿಲ್ಲ, ಚಾಲಕರಿಗೆ ಒಂದು ಶೌಚಾಲಯವೂ ಇಲ್ಲ. ಹಡಗು ಹೆಚ್ಚಿರುವ ದಿನ ಹಿಂದಿನ ಅಷ್ಟೂ ದೂರದಲ್ಲಿ ಗಳಿಸಿದ ಸಮಯ ಇಲ್ಲಿ ಕರಗುತ್ತದೆ. ಹಿಡಿದಿಟ್ಟ ನಕ್ಷತ್ರ ಇದಕ್ಕಾಗಿ.

ಮಳೆಗಾಲ ಮುಗಿದ ಮೇಲೆ ಹೋಗುವ ಪಥಕ್ಕೆ ಹೊಸ ಪದರ ಹಾಕುತ್ತಾರಂತೆ. ಹಾಕಿದ ನಂತರ ಒಂದು ವರ್ಷ ಓಡಿಸಿ ನೋಡಿ, ಮತ್ತೆ ಬರೆಯುತ್ತೇನೆ.